ರಬ್ಬರ್ ಬಟ್ಟಲುಗಳ ಬೆನ್ನುಹತ್ತಿ ಟಿಲ್‌ಬರ್ಗಿಗೆ

ನಿಪ್ಪಾಣಿ

ನೆದರ್ಲ್ಯಾಂಡ್ಸ್‌ನಲ್ಲಿ ನಾನು ಹದಿನೆಂಟು ದಿನ ಇದ್ದೆ. ಅದರಲ್ಲಿ ಬಿಸಿಲು ಬಿದ್ದದ್ದು ಎರಡು ದಿನ. ಆ ಎರಡೂ ದಿನ ನಾನು ಕಿಟಕಿಯಿಲ್ಲದ ಒಂದು ಕಟ್ಟಡದೊಳಗಿದ್ದೆ. ಹಾಗಾಗಿ ಟ್ಯೂಲಿಪ್ ಹೂ, ಕಾಲುವೆಯ ದೋಣಿ ಎಂದೆಲ್ಲ ಕೇಳುವವರಿಗೆ ಹೇಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಗಾಳಿಗಿರಣಿಯನ್ನು ಮಾತ್ರ ನೋಡಿದೆ, ಒಂದು ಬಿಸ್ಕತ್ತಿನ ಡಬ್ಬಿಯ ಮೇಲೆ.

ನಾನು ಕೆಲಸ ಮಾಡುವುದು ನಿಪ್ಪಾಣಿಯ ಹೊರಗೆ, ಹೆದ್ದಾರಿಯ ಆಚೆಗಿರುವ ಒಂದು ಸಣ್ಣ ರಬ್ಬರ್ ಕಾರ್ಖಾನೆಯಲ್ಲಿ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದವಳಿಗೆ ಅಲ್ಲಿ ಗುಣಮಟ್ಟ ನೋಡುವ ಕೆಲಸ ಸಿಕ್ಕಿತು. ನಾವು ಮಾಡುವ ಹತ್ತಾರು ಸಾಮಾನುಗಳಲ್ಲಿ ಹೆಬ್ಬೆರಳಿನ ಗಾತ್ರದ ರಬ್ಬರ್ ಬಟ್ಟಲು ಒಂದು. ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಕಪ್ ಎನ್ನುತ್ತಾರೆ. ಮೈ ಮಡಿಕೆ ಮಡಿಕೆ, ಬಾಯಿಯ ಅಂಚು ಹಾಲಿನ ಕೆನೆಯಷ್ಟು ತೆಳು. ಯಂತ್ರದ ಕೈಯ ತುದಿಗೆ ಇಂಥ ನಾಲ್ಕನ್ನು ಸಿಕ್ಕಿಸಿ ಹಿಂದಿನಿಂದ ಗಾಳಿ ಎಳೆದರೆ ಅವು ಸಾಮಾನಿಗೆ ಅಂಟಿಕೊಂಡು ಮೇಲೆತ್ತುತ್ತವೆ. ಗಾಳಿ ಬಿಟ್ಟರೆ ಸಾಮಾನನ್ನು ಇಳಿಸುತ್ತವೆ. ದೊಡ್ಡ ಉಗ್ರಾಣಗಳಲ್ಲಿ ಮನುಷ್ಯರ ಬದಲು ಸಾಮಾನು ಎತ್ತಿಡುವ ಯಂತ್ರಗಳಿಗೆ ಇವು ಬೇಕು.

ಅಚ್ಚಿನಿಂದ ಹೊರಬರುವಾಗ ಕಪ್ಪಿನ ಬಾಯಿಗೆ ತೆಳ್ಳನೆಯ ರಬ್ಬರ್ ಅಂಟಿಕೊಂಡಿರುತ್ತದೆ. ನಮ್ಮ ಹೆಂಗಸರು ಅದಕ್ಕೆ ಝಾಲರ್ ಎನ್ನುತ್ತಾರೆ. ಅದನ್ನು ಬ್ಲೇಡಿನಿಂದ ಕೊಯ್ದು ತೆಗೆಯಲು ಹದಿನಾಲ್ಕು ಜನ ಇದ್ದರು. ಎಲ್ಲರೂ ಮೊದಲು ಬೀಡಿ ಕಟ್ಟುತ್ತಿದ್ದವರು. ಅವರನ್ನು ತೆಗೆದುಕೊಳ್ಳೋಣ ಎಂದು ಮಾಲಕರಿಗೆ ಹೇಳಿದವಳು ನಾನೇ. ಬೀಡಿ ಕಟ್ಟಿದ ಬೆರಳಿಗೆ ಇಂಥ ಕೆಲಸ ಕಲಿಸಬೇಕಾಗಿಲ್ಲ ಎಂಬುದು ನನ್ನ ವಾದವಾಗಿತ್ತು. ತಂಬಾಕಿನ ಧೂಳಿಲ್ಲದ ಕಡೆ ಕುಳಿತು ಕೆಲಸ ಮಾಡಲಿ ಎಂಬುದೂ ಮನಸ್ಸಿನಲ್ಲಿತ್ತು. ಅದನ್ನು ಹೇಳಲಿಲ್ಲ.

ಹದಿನಾಲ್ಕು ಜನರಲ್ಲಿ ಹಿರಿಯಳು ಕಮಲಾ. ಎಲ್ಲರಿಗೂ ಅವಳು ಮಾವಶಿ, ಅಂದರೆ ಚಿಕ್ಕಮ್ಮ, ನನಗೂ. ನಮ್ಮ ಓಣಿಯವಳು. ಝಾಲರ್ ತೆಗೆದ ಕಪ್ಪುಗಳೆಲ್ಲ ಕೊನೆಗೆ ಅವಳ ಮುಂದೆ ಬರುತ್ತಿದ್ದವು. ಬಾಯಿಯ ಸುತ್ತ ಬೆರಳಾಡಿಸಿ, ಸರಿಯಿದ್ದದ್ದನ್ನು ಬಲಕ್ಕೆ, ಇಲ್ಲದ್ದನ್ನು ಎಡಕ್ಕೆ ಹಾಕುವುದು ಅವಳ ಕೆಲಸ. ಹಾಗೆ ನೋಡಬೇಕೆಂದು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದವಳೂ ನಾನು.

ನೋಟು ಬದಲಾದ ಮರುವರ್ಷದ ನವೆಂಬರಿನಲ್ಲಿ ಟಿಲ್‌ಬರ್ಗಿನಿಂದ ಪತ್ರ ಬಂತು. ಯಂತ್ರದ ಕೈ ತಯಾರಿಸುವ ಕಂಪನಿ ಬರೆದದ್ದು. ನಿಮ್ಮ ಕಪ್ಪುಗಳು ವಾರದೊಳಗೆ ಹರಿಯುತ್ತಿವೆ, ಸಾಮಾನು ಬೀಳುತ್ತಿದೆ, ಕಾರಣ ಗೊತ್ತಾಗುವವರೆಗೆ ಮುಂದಿನ ಮಾಲು ಬೇಡ. ಕಾರಣ ಗೊತ್ತಾಗದಿದ್ದರೆ ಬೇರೆ ಕಡೆ ಮಾಡಿಸುತ್ತೇವೆ.

ಕಪ್ ನಿಂತರೆ ಹದಿನಾಲ್ಕು ಜನಕ್ಕೂ ಕೆಲಸವಿಲ್ಲ. ನಮ್ಮಲ್ಲಿ ಉಳಿದ ಸಾಮಾನುಗಳಿಗೆ ಕೈಕೆಲಸ ಬೇಕಾಗಿರಲಿಲ್ಲ. ಮಾಲಕರು ಪತ್ರವನ್ನು ಎರಡು ಸಲ ಓದಿ ನನ್ನ ಮುಂದಿಟ್ಟರು.

“ನೀನ ಹೋಗಿ ಬಾರವಾ. ಇಲ್ಲಿ ಕುಂತ ಮೇಲ್ ಮಾಡಿದ್ರ ಅವ್ರು ನಂಬಂಗಿಲ್ಲ.”

ಹೊರಡುವ ದಿನ ಮಾವಶಿ ನಮ್ಮ ಮನೆಗೆ ಬಂದಳು. ದಾರಿಗೆ ಎಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು.

“ಇಮಾನದಾಗ ಇದನ್ನ ತಿನ್ನಾಕ ಬಿಡ್ತಾರೇನ ಬೇ?”

“ಬಿಡ್ತಾರ ಮಾವಶಿ.”

“ಅವ್ರಿಗೂ ಒಂದ ಕೊಡ. ತಿಂದರ ನಮ್ಮ ಕಪ್ಪಿನ ಮ್ಯಾಲಿನ ಸಿಟ್ಟ ಇಳದೀತು.” ನಕ್ಕಳು. ಆಮೇಲೆ ನಗು ಬಿಟ್ಟು ಹೇಳಿದಳು: “ನೋಡ, ತಪ್ಪ ನಮ್ಮ ಕಡೆಯಿಂದ ಆಗಿಲ್ಲ ಅಂತ ಘಟ್ಟಿಯಾಗಿ ಹೇಳ. ನಾ ಮುಟ್ಟಲಾರದ ಒಂದ ಕಪ್ ಸೈತ ಇಲ್ಲಿಂದ ಹೋಗಿಲ್ಲ. ಯಡೂರ ವೀರಭದ್ರನ ಆಣಿ.”

ಸ್ಕಿಪೋಲ್ ವಿಮಾನ ನಿಲ್ದಾಣ

ಕೈಚೀಲದಲ್ಲಿ ಹೊಸ ಕಪ್ಪುಗಳ ನಾಲ್ಕು ಚೀಲಗಳಿದ್ದವು. ಆಮ್‌ಸ್ಟರ್‌ಡ್ಯಾಮಿನ ಸುಂಕದ ಅಧಿಕಾರಿ ಒಂದನ್ನು ಬಿಚ್ಚಿ, ಕಪ್ಪನ್ನು ಬೆಳಕಿಗೆ ಹಿಡಿದು, ಇದೇನು ಎಂದು ಕೇಳಿದರು. ನನ್ನ ತಲೆಗಿಂತ ಎರಡು ಗೇಣು ಎತ್ತರದ ಮನುಷ್ಯ. ಇಂಗ್ಲಿಷಿನಲ್ಲಿ ಉತ್ತರ ಜೋಡಿಸಿಕೊಂಡೇ ಬಂದಿದ್ದೆ. ಆ ಗಳಿಗೆಯಲ್ಲಿ ಒಂದು ಮಾತೂ ಹೊರಡಲಿಲ್ಲ.

ಬೇರೆ ದಾರಿ ಕಾಣದೆ ಒಂದು ಕಪ್ಪನ್ನು ಮುಂಗೈಯ ಒಳಬದಿಗೆ ಒತ್ತಿ ಬಿಟ್ಟೆ. ಅದು ಅಂಟಿಕೊಂಡು ನಿಂತಿತು. ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಹೆಂಗಸರು ಹೀಗೆ ಒಬ್ಬರ ಕೆನ್ನೆಗೊಬ್ಬರು ಕಪ್ ಅಂಟಿಸಿ ಆಟವಾಡುತ್ತಾರೆ. ಕಿತ್ತಾಗ ಕೈಮೇಲೆ ದುಂಡನೆಯ ಕೆಂಪು ಗುರುತು ಮೂಡಿತ್ತು. ಅಧಿಕಾರಿ ಗುರುತನ್ನು ನೋಡಿದರು, ನನ್ನನ್ನು ನೋಡಿದರು, ಚೀಲ ಮುಚ್ಚಿ ಹೋಗು ಎಂದರು. ನಗಲಿಲ್ಲ. ನನ್ನ ಹಿಂದಿನ ಸಾಲಿನವರು ನಕ್ಕರು.

ರೈಲಿನಲ್ಲಿ ಹೋಳಿಗೆ ಬಿಚ್ಚಿದೆ. ಹೊರಗೆ ನೆಲ ಚಪ್ಪಟೆ, ಆಕಾಶ ಚಪ್ಪಟೆ, ನಡುವೆ ಮಳೆ. ಮಳೆ ಎಂದರೆ ನಮ್ಮ ಹಾಗೆ ಬಂದು ಹೋಗುವುದಲ್ಲ. ಯಾರೋ ಒದ್ದೆ ಬಟ್ಟೆ ಹಿಂಡುತ್ತ ನಿಂತಂತೆ.

ರಿಯಾ ಅವರ ಮನೆ

ಟಿಲ್‌ಬರ್ಗಿನಲ್ಲಿ ನನಗೆ ಕೋಣೆ ಕೊಟ್ಟವರು ರಿಯಾ ಎಂಬ ನಿವೃತ್ತ ನರ್ಸ್. ಮನೆ ರಸ್ತೆಗೆ ಹೊಂದಿಕೊಂಡಿತ್ತು. ಮುಂದಿನ ಗೋಡೆ ಪೂರ್ತಿ ಗಾಜು, ಪರದೆ ಇಲ್ಲ. ಆ ಸಾಲಿನ ಮನೆಗಳೆಲ್ಲ ಹಾಗೇ. ಸಂಜೆ ನಡೆದು ಬರುವಾಗ ಒಬ್ಬರು ಊಟ ಮಾಡುವುದು, ಒಬ್ಬರು ಟಿವಿ ನೋಡುವುದು, ಒಬ್ಬ ಮುದುಕ ಒಬ್ಬನೇ ಇಸ್ಪೀಟು ಹಾಕುವುದು ಕಾಣುತ್ತಿತ್ತು. ನೋಡಬಾರದು ಎಂಬುದು ಅಲ್ಲಿಯ ಪದ್ಧತಿಯಂತೆ. ನಮ್ಮ ಓಣಿಯಲ್ಲಿ ಬಾಗಿಲು ದಿನವಿಡೀ ತೆರೆದಿರುತ್ತದೆ, ಆದರೆ ಒಳಗಿನದು ಹೊರಗೆ ಕಾಣದಂತೆ ಒಂದು ಸೀರೆಯನ್ನಾದರೂ ಇಳಿಬಿಟ್ಟಿರುತ್ತಾರೆ. ಅಲ್ಲಿ ಎಲ್ಲ ಕಾಣುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ನನ್ನ ಕೋಣೆಯ ಕಿಟಕಿಗೆ ನಾನು ಶಾಲು ಕಟ್ಟಿಕೊಂಡೆ. ಮರುದಿನ ರಿಯಾ ಕೇಳಿದರು: “ಬೆಳಕು ತೊಂದರೆಯಾಯಿತೇ?” ಅದು ಡಿಸೆಂಬರಿನ ಹತ್ತಿರದ ಕಾಲ. ಬೆಳಕು ಎಲ್ಲಿತ್ತು?

ಸಂಜೆ ಕಾಫಿಯ ಜೊತೆ ಅವರು ಒಂದು ತಗಡಿನ ಡಬ್ಬಿ ತೆರೆಯುತ್ತಿದ್ದರು. ಮೇಲೆ ನೀಲಿ ಬಣ್ಣದ ಗಾಳಿಗಿರಣಿಯ ಚಿತ್ರ. ನನ್ನ ಮುಂದೆ ಹಿಡಿದು, ನಾನು ಒಂದು ಬಿಸ್ಕತ್ತು ತೆಗೆದ ಕೂಡಲೇ ಮುಚ್ಚಳ ಹಾಕಿ ಕಪಾಟಿನಲ್ಲಿ ಇಡುತ್ತಿದ್ದರು. ಮೊದಲ ದಿನ ನನಗೆ ಮುಖ ಸಣ್ಣದಾಯಿತು. ನಾಲ್ಕನೆಯ ದಿನದ ಹೊತ್ತಿಗೆ, ಇನ್ನೊಂದು ತಗೊ ಎಂದು ಯಾರೂ ಒತ್ತಾಯ ಮಾಡದಿರುವುದು ನನ್ನ ಸ್ವಭಾವಕ್ಕೆ ಹಿಡಿಸಿತು.

ಮಾಲಕರು ಫೋನ್ ಮಾಡಿದಾಗ ಸೂರ್ಯ ಎಷ್ಟಕ್ಕೆ ಮುಳುಗುತ್ತಾನೆ ಎಂದು ಕೇಳಿದರು. ಅವರು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ.

“ನಾಕೂವರಿಗೆ ಮುಳಗ್ತಾನ್ರಿ. ಮುಂಜಾನೆ ಹುಟ್ಟೂದು ಎಂಟೂವರಿ.”

“ಹಂಗಾರ ನಾ ಬಂದಿದ್ರ ಮೂರ ದಿನದಾಗ ನನ್ನ ಹೊತಗೊಂಡ ಬರಬೇಕಿತ್ತ ನೋಡ,” ಎಂದು ನಕ್ಕು, ನಗು ಮುಗಿಯುವ ಮೊದಲೇ ಕೇಳಿದರು: “ಏನರ ಗೊತ್ತಾತೇನವಾ?”

ಏನೂ ಗೊತ್ತಾಗಿರಲಿಲ್ಲ.

ದೀಪವಿಲ್ಲದ ಉಗ್ರಾಣ

ನಿಪ್ಪಾಣಿಯಲ್ಲಿ ಬೆಳೆದವರಿಗೆ ತಂಬಾಕಿನ ವಖಾರ ಗೊತ್ತು. ಮೂಟೆಗಳನ್ನು ನೆಲದಿಂದ ಜಂತಿಯವರೆಗೆ ಒತ್ತಿ ಒಟ್ಟಿರುತ್ತಾರೆ. ನಡುವೆ ಕಾಲಿಡಲು ಜಾಗ ಬಿಡುವುದಿಲ್ಲ. ಒಳಗಿನ ಮೂಟೆ ಬೇಕೆಂದರೆ ಒಬ್ಬ ಮೇಲೆ ಹತ್ತಿ, ಜಂತಿಗೂ ಮೂಟೆಗೂ ನಡುವಿನ ಸಂದಿಯಲ್ಲಿ ಹೊಟ್ಟೆಯ ಮೇಲೆ ಹರಿದು ಹೋಗಬೇಕು. ಸೀನುತ್ತ ಹೋಗಿ ಸೀನುತ್ತ ಬರುತ್ತಾನೆ.

ಟಿಲ್‌ಬರ್ಗಿನಲ್ಲಿ ನಮ್ಮ ಕಪ್ಪುಗಳಿದ್ದ ಉಗ್ರಾಣವೂ ಅದೇ ರೀತಿ. ನಮ್ಮ ಇಡೀ ಓಣಿ ಹಿಡಿಸುವಷ್ಟು ದೊಡ್ಡದು ಎನ್ನುವುದನ್ನು ಬಿಟ್ಟರೆ. ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು, ಒಂದಕ್ಕೊಂದು ತಾಗುವಂತೆ ಒಟ್ಟಿದ್ದಾರೆ. ನಡುವೆ ದಾರಿಯೇ ಇಲ್ಲ. ಮೇಲೆ ಹಳಿಗಳ ಚೌಕಳಿ. ಅದರ ಮೇಲೆ ಗಾಲಿಯ ಯಂತ್ರಗಳು ಓಡಾಡುತ್ತ, ಹಗ್ಗ ಇಳಿಬಿಟ್ಟು ಬಾವಿಯಿಂದ ಕೊಡ ಸೇದಿದಂತೆ ಪೆಟ್ಟಿಗೆಗಳನ್ನು ಮೇಲೆಳೆಯುತ್ತವೆ. ಒಳಗೆ ದೀಪ ಹಚ್ಚುವುದಿಲ್ಲ. ನೋಡುವವರು ಯಾರೂ ಇಲ್ಲವಾದ್ದರಿಂದ ಬೇಕಾಗಿಲ್ಲ. ಸೀನುವವರೂ ಇಲ್ಲ. ಗಾಲಿಗಳ ಸರಸರ ಸದ್ದು ಮಾತ್ರ ಆ ಕತ್ತಲೆಯಿಂದ ಬರುತ್ತಿರುತ್ತದೆ.

ಬೆಳಕಿದ್ದದ್ದು ಅಂಚಿನಲ್ಲಿ, ಯಂತ್ರದ ಕೈ ಇದ್ದ ಕಡೆ. ಮೇಲಿಂದ ಬಂದ ಪೆಟ್ಟಿಗೆಯೊಳಗೆ ಅದು ಬಾಗಿ, ನಮ್ಮ ನಾಲ್ಕು ಕಪ್ಪುಗಳನ್ನು ಒಂದು ಶಾಂಪೂ ಬಾಟಲಿಯ ಮೇಲಿಟ್ಟು, ಹಿಸ್ ಎಂದು ಗಾಳಿ ಎಳೆದು, ಎತ್ತಿ ಪಕ್ಕದ ಪೆಟ್ಟಿಗೆಗೆ ಹಾಕುತ್ತಿತ್ತು. ನಿಪ್ಪಾಣಿಯಲ್ಲಿ ತಟ್ಟೆಗಟ್ಟಲೆ ನೋಡಿದ ಆ ಕರಿ ರಬ್ಬರು ಇಷ್ಟು ದೂರ ಬಂದು ಇಷ್ಟು ವಿಧೇಯವಾಗಿ ದುಡಿಯುತ್ತಿತ್ತು. ಮೂರನೆಯ ಬಾಟಲಿ ಅರ್ಧ ದಾರಿಯಲ್ಲಿ ಜಾರಿ ನೆಲಕ್ಕೆ ಬಿತ್ತು. ಮುಚ್ಚಳ ಒಡೆದು ಶಾಂಪೂ ಹರಿಯಿತು.

“ಹೀಗೆ,” ಎಂದ ಯರೂನ್. ನಮಗೆ ಪತ್ರ ಬರೆದ ಕಂಪನಿಯಲ್ಲಿ ಯಂತ್ರದ ಕೈಯ ಹೊಣೆ ಹೊತ್ತ ಎಂಜಿನಿಯರ್ ಅವನು, ನನ್ನದೇ ವಯಸ್ಸು. ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬರುತ್ತಿದೆ ಎನ್ನುವಂತೆ ಹೇಳಿದ.

ಮೊದಲ ವಾರ ನಾನು ರಬ್ಬರಿನ ಗಡಸುತನ ಅಳೆದೆ, ಅಂಚಿನ ದಪ್ಪ ಅಳೆದೆ, ಗಾಳಿಯ ಒತ್ತಡ ಬರೆದುಕೊಂಡೆ. ಎಲ್ಲ ಸರಿಯಿತ್ತು. ಕಪ್ಪುಗಳು ಹರಿಯುತ್ತಲೇ ಇದ್ದವು. ಮಧ್ಯಾಹ್ನ ಎಲ್ಲರೂ ತಣ್ಣನೆಯ ಬ್ರೆಡ್ಡಿನ ಮೇಲೆ ಚಾಕಲೇಟಿನ ಕಾಳು ಉದುರಿಸಿಕೊಂಡು ತಿನ್ನುತ್ತಿದ್ದರು. ದೊಡ್ಡ ದೊಡ್ಡ ಗಂಡಸರು ಕೂಡ. ನಾನೂ ತಿಂದೆ. ರೊಟ್ಟಿಯ ನೆನಪು ಬಂತು ಎಂದು ಬರೆದರೆ ಸುಳ್ಳಾದೀತು. ಬಿಸಿಯಾದ ಏನಾದರೂ ಸಾಕಿತ್ತು.

ದನೂತಾಳ ಮೇಜು

ಯಂತ್ರಕ್ಕೆ ಎತ್ತಲಾಗದ್ದು, ಎತ್ತಿ ಬೀಳಿಸಿದ್ದು, ಎಲ್ಲ ಕೊನೆಗೆ ಒಂದು ಮೇಜಿಗೆ ಬರುತ್ತಿತ್ತು. ಅಲ್ಲಿ ದನೂತಾ ಎಂಬ ಪೋಲೆಂಡಿನ ಹೆಂಗಸು ಕೂರುತ್ತಿದ್ದಳು. ಐವತ್ತು ದಾಟಿರಬೇಕು. ಉಣ್ಣೆಯ ಚೆಂಡು, ಬಲೆಚೀಲದ ಈರುಳ್ಳಿ, ಗಾಳಿ ನುಸುಳುವ ಬಟ್ಟೆ, ಇವೆಲ್ಲ ಅವಳ ಪಾಲು. ಕೈಯಲ್ಲಿ ಎತ್ತಿ ಪೆಟ್ಟಿಗೆಗೆ ಹಾಕುವುದು ಅವಳ ಕೆಲಸ. ಆ ಇಡೀ ಕಟ್ಟಡದಲ್ಲಿ ನಮ್ಮ ಕಾರ್ಖಾನೆಯ ಹೆಂಗಸರನ್ನು ನೆನಪಿಸಿದವಳು ಅವಳೊಬ್ಬಳೇ. ಅದಕ್ಕೆ ಎರಡನೆಯ ವಾರ ಊಟದ ಹೊತ್ತಿಗೆ ಅವಳ ಪಕ್ಕ ಕೂರತೊಡಗಿದೆ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ ಆದ್ದರಿಂದ ಮಾತು ಕಡಿಮೆಯಿತ್ತು, ನನಗೆ ಹಿತವಾಗಿತ್ತು.

“ನೀನು ಇದನ್ನು ರಿಪೇರಿ ಮಾಡಲು ಬಂದವಳೇ?” ಯಂತ್ರದ ಕಡೆ ಗದ್ದ ತೋರಿಸಿ ಕೇಳಿದಳು.

“ಹೌದು.”

“ನಿಧಾನ ಮಾಡು. ಅದು ಬೀಳಿಸುತ್ತಿರುವವರೆಗೆ ನಾನು ಇಲ್ಲಿ ಕೂತಿರಬಹುದು.”

ಅವಳು ನಗುತ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ. ಮರುದಿನ ಮೇಜಿನ ಕೆಳಗಿನಿಂದ ಐಸ್‌ಕ್ರೀಮಿನ ಖಾಲಿ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ಅದರ ತುಂಬ ಹರಿದ ಕಪ್ಪುಗಳು. ಬಿಸಾಡಲು ಕೊಟ್ಟಿದ್ದನ್ನು ಎತ್ತಿಟ್ಟುಕೊಂಡಿದ್ದಳು.

“ಯಾಕೆ ಇಟ್ಟುಕೊಂಡೆ?”

“ಸುಮ್ಮನೆ. ನೋಡು, ಎಲ್ಲ ಒಂದೇ ಕಡೆ ಹರಿದಿವೆ.”

ನಿಜವಾಗಿತ್ತು. ಪ್ರತಿ ಕಪ್ಪಿನ ಮೈಮೇಲೆ ಅಚ್ಚಿನ ಸಣ್ಣ ಸಂಖ್ಯೆ ಇರುತ್ತದೆ. ಸೀಳು ಶುರುವಾದದ್ದು ಆ ಸಂಖ್ಯೆಯ ಎಡಕ್ಕೆ, ಒಂದು ಕಾಳಿನಷ್ಟು ದೂರದಲ್ಲಿ. ಎಲ್ಲದರಲ್ಲೂ. ಬೇರೆ ಬೇರೆ ಅಚ್ಚಿನಿಂದ ಬಂದದ್ದಾದರೂ.

ಒಂದೇ ದಿನ ಬಳಸಿದ ಕಪ್ಪೊಂದನ್ನು ಯಂತ್ರದಿಂದ ಬಿಚ್ಚಿಸಿ ಮುಂಗೈಗೆ ಒತ್ತಿದೆ. ಕಿತ್ತು ನೋಡಿದರೆ ಕೆಂಪು ಗುರುತು ದುಂಡಗಿತ್ತು, ಒಂದು ಕಡೆ ಮಾತ್ರ ಎಳೆಯಷ್ಟು ಬಿಟ್ಟಿತ್ತು. ಆಮೇಲೆ ನನ್ನ ಚೀಲದ ಹೊಸ ಕಪ್ಪನ್ನು ಭೂತಗನ್ನಡಿಯ ಕೆಳಗೆ ಇಟ್ಟೆ. ಬೆಳಕನ್ನು ಓರೆ ಮಾಡಿದಾಗ ಅದೇ ಜಾಗದಲ್ಲಿ ಅಂಚಿನ ಮೇಲೆ ಒಂದು ಗೆರೆ ಕಂಡಿತು. ಬಿದಿಗೆ ಚಂದ್ರನ ಆಕಾರ. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ದಿನಕ್ಕೆ ಸಾವಿರಾರು ಸಲ ಬಗ್ಗಿ ಎದ್ದಾಗ ಆ ಗೆರೆಯಿಂದಲೇ ಸೀಳು ಬೆಳೆಯುತ್ತಿತ್ತು.

“ಉಗುರು,” ಎಂದಳು ದನೂತಾ, ನನ್ನ ಭುಜದ ಮೇಲಿಂದ ಬಗ್ಗಿ ನೋಡಿ.

ನನಗೆ ಅವಳಿಗಿಂತ ಮೊದಲೇ ಗೊತ್ತಾಗಿತ್ತು. ಯಾರ ಉಗುರು ಎಂಬುದೂ.

ಬೀಡಿ ಕಟ್ಟುವುದನ್ನು ನೋಡಿದವರಿಗೆ ಗೊತ್ತಿರುತ್ತದೆ. ಎಲೆ ಸುತ್ತಿ ಮುಗಿಸಿದ ಮೇಲೆ ಬಾಯಿಯ ಅಂಚನ್ನು ಉಗುರಿನಿಂದ ಒಳಗೆ ಮಡಚಿ ಮುಚ್ಚಬೇಕು. ಕೆಲವರು ಅದಕ್ಕೆಂದು ಹೆಬ್ಬೆರಳಿಗೆ ತಗಡಿನ ಉಗುರು ಹಾಕಿಕೊಳ್ಳುತ್ತಾರೆ. ಮಾವಶಿ ತನ್ನ ಉಗುರನ್ನೇ ಬೆಳೆಸಿ, ಉಳಿಯ ಹಾಗೆ ಓರೆ ಮಾಡಿಕೊಂಡಿದ್ದಳು. ಕಾರ್ಖಾನೆಗೆ ಬಂದ ಮೇಲೂ ಅದನ್ನು ತೆಗೆದಿರಲಿಲ್ಲ. ಕಪ್ಪಿನ ಸಂಖ್ಯೆ ತನ್ನ ಕಡೆಗೆ ಬರುವಂತೆ ಹಿಡಿದು, ಅಂಚಿನ ಸುತ್ತ ಬೆರಳಾಡಿಸಿ, ಸುತ್ತು ಮುಗಿದ ಜಾಗದಲ್ಲಿ ಹೆಬ್ಬೆರಳಿನ ಉಗುರಿನಿಂದ ಒಮ್ಮೆ ಒತ್ತುತ್ತಿದ್ದಳು. ಅದರ ಅಗತ್ಯ ಏನೂ ಇರಲಿಲ್ಲ. ಆದರೆ ಮೂವತ್ತು ವರ್ಷ ಒಂದು ಕೆಲಸ ಹಾಗೆ ಮುಗಿಸಿದ ಕೈಗೆ, ಉಗುರು ಒತ್ತದೆ ಯಾವುದೂ ಮುಗಿದಂತೆ ಅನಿಸುವುದಿಲ್ಲ. ಎರಡು ವರ್ಷ ನಾನು ಅವಳ ಎದುರಿಗೇ ನಿಂತು ಅದನ್ನು ನೋಡಿದ್ದೆ. ಚೆಂದ ಕಾಣುತ್ತಿತ್ತು.

ಅವಳು ಮುಟ್ಟದೆ ಒಂದು ಕಪ್ಪೂ ನಿಪ್ಪಾಣಿ ಬಿಟ್ಟಿರಲಿಲ್ಲ.

ಭಾನುವಾರ

ಮಂಜು ಬಿದ್ದು ರಸ್ತೆಯ ಆಚೆ ಬದಿ ಕಾಣುತ್ತಿರಲಿಲ್ಲ. ಅಂಗಡಿಗಳೆಲ್ಲ ಮುಚ್ಚಿದ್ದವು. ಕಾಲುವೆಯ ಪಕ್ಕ ನಡೆಯುತ್ತ ಮಾಲಕರಿಗೆ ಫೋನ್ ಮಾಡಿದೆ. ಸೈಕಲ್ ದಾರಿ ಯಾವುದು, ನಡೆಯುವ ದಾರಿ ಯಾವುದು ಎಂದು ತಿಳಿಯದೆ ನಡೆದದ್ದಕ್ಕೆ ಎರಡು ಸಲ ಸೈಕಲ್ಲಿನವರು ಗಂಟೆ ಬಾರಿಸಿದರು. ಒಬ್ಬಾಕೆ ಏನೋ ಬೈದು ಮಂಜಿನೊಳಗೆ ಹೋದಳು.

ಮಾಲಕರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು:

“ರಬ್ಬರ್ ಮಿಕ್ಸಿಂಗದಾಗ ಫರಕ ಆಗಿತ್ತ ಅಂತ ಬರದ ಬಿಡ. ಮಾಲ ಬದಲ ಮಾಡಿ ಕೊಡೂಣು. ಮಾವಶಿಗೆ ಉಗರ ತಗಸೂಣು. ಮುಗದ ಹೋತು.”

“ಮಿಕ್ಸಿಂಗ್ ಬರೊಬ್ಬರಿ ಐತ್ರಿ. ಅವ್ರು ತಪಾಸ ಮಾಡಿದ್ರ ಗೊತ್ತಾಗ್ತೈತಿ.”

“ಮಾಡಂಗಿಲ್ಲ. ಹೊಸಾ ಮಾಲ ಹರೀಲಿಲ್ಲ ಅಂದ್ರ ಯಾರ ತಪಾಸ ಮಾಡ್ತಾರ?”

ಇನ್ನೊಂದು ಸೈಕಲ್ಲಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.

“ಸುಜಾತಾ, ಒಂದ ಮಾತ ಕೇಳ. ನೀ ಉಗರ ಅಂತ ಬರೀತಿ. ಅವ್ರು ಕೈ ಅಂತ ಓದ್ತಾರ. ಉಗರ ತಗೀರಿ ಅನ್ನಂಗಿಲ್ಲ ಅವ್ರು. ಕೈ ತಗೀರಿ ಅಂತಾರ.”

ವರದಿಯ ಕೆಳಗೆ ನನ್ನ ಸಹಿ ಬೇಕಾಗಿತ್ತು. ಸುಳ್ಳಿಗೆ ಸಹಿ ಹಾಕಲಾರೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ಯೋಚಿಸಿದರೆ ಅದಷ್ಟೇ ಆಗಿರಲಿಲ್ಲ. ಕಾರಣ ಹುಡುಕಿದವಳು ನಾನು. ಅಷ್ಟು ಅಚ್ಚುಕಟ್ಟಾಗಿ ಸಿಕ್ಕ ಕಾರಣವನ್ನು ಬಚ್ಚಿಡುವ ಮನಸ್ಸಾಗಲಿಲ್ಲ. ಸರಿಯಾದದ್ದನ್ನು ಸರಿಯಾಗಿ ಬರೆದರೆ ಓದುವವರೂ ಸರಿಯಾಗಿಯೇ ಓದುತ್ತಾರೆ ಎಂದು ನಂಬಿದ್ದೆ. ಉಗುರು ತೆಗೆಸುತ್ತೇವೆ, ಕೈಗವಸು ಕೊಡುತ್ತೇವೆ ಎಂದು ಬರೆದರೆ ಸಾಕು ಎಂದುಕೊಂಡೆ.

ಮಾವಶಿಗೆ ಅಂದೇ ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಯರೂನನ ಹುಟ್ಟುಹಬ್ಬ

ಸೋಮವಾರ ಬೆಳಿಗ್ಗೆ ಚಿತ್ರಗಳ ಸಮೇತ ವರದಿ ಕಳಿಸಿದೆ. ಪರೀಕ್ಷೆಯ ವಿಧಾನ ರೂಪಿಸಿದವಳು ನಾನು, ತಪ್ಪು ವಿಧಾನದ್ದು ಎಂದೂ ಅದರಲ್ಲಿ ಬರೆದಿದ್ದೆ. ಅರ್ಧ ಗಂಟೆಯ ಮೇಲೆ ಕಚೇರಿಯೊಳಗೆ ಹೋದರೆ ಎದುರಿಗೆ ಬಂದವರೆಲ್ಲ ಕೈಕುಲುಕಿ ಅಭಿನಂದನೆ ಹೇಳತೊಡಗಿದರು. ಒಬ್ಬರಲ್ಲ, ಏಳೆಂಟು ಜನ. ವರದಿ ಇಷ್ಟು ಬೇಗ ಎಲ್ಲರಿಗೂ ತಲುಪಿತೇ ಎಂದು ನಾನು ಥ್ಯಾಂಕ್ಸ್ ಹೇಳುತ್ತ ಹೋದೆ. ಗೋಡೆಗೆ ಹಚ್ಚಿದ ಬಣ್ಣದ ಕಾಗದ ಆಮೇಲೆ ಕಣ್ಣಿಗೆ ಬಿತ್ತು. ಅಂದು ಯರೂನನ ಹುಟ್ಟುಹಬ್ಬ. ಅಲ್ಲಿ ಹುಟ್ಟುಹಬ್ಬದವನಿಗೆ ಮಾತ್ರವಲ್ಲ, ಆ ಕೋಣೆಯಲ್ಲಿದ್ದವರಿಗೆಲ್ಲ ಅಭಿನಂದನೆ ಹೇಳುತ್ತಾರಂತೆ. ನನ್ನ ಕೈಯಲ್ಲೂ ಒಂದು ತುಂಡು ಕೇಕ್ ಬಂತು. ಅದನ್ನು ಹಿಡಿದುಕೊಂಡು ಹೊರಗೆ ಬಂದು ಕಾರ್ಖಾನೆಗೆ ಫೋನ್ ಮಾಡಿದೆ.

ನಿಪ್ಪಾಣಿಯಲ್ಲಿ ಆಗ ಮಧ್ಯಾಹ್ನದ ಕೆಲಸದ ಹೊತ್ತು. ಮಾವಶಿಯನ್ನು ಕರೆಸಿದೆ.

“ಯಾಕ ಬೇ, ಆರಾಮ ಅದಿಯೇನ? ಥಂಡಿ ಭಾಳ ಐತೇನ ಅಲ್ಲೆ?”

“ಆರಾಮ ಅದೇನಿ. ಮಾವಶಿ, ಕಪ್ ಯಾಕ ಹರ್ಯಾಕತ್ತಾವ ಅಂತ ಗೊತ್ತಾತು.”

“ಅಗದಿ ಚೊಲೊ ಆತು! ಯಾರ ತಪ್ಪಂತ?”

ಹೇಳಿದೆ. ಎಷ್ಟು ಮೆಲ್ಲಗೆ ಹೇಳಿದರೂ ಮೂರು ವಾಕ್ಯದಲ್ಲಿ ಮುಗಿಯಿತು. ಆ ಕಡೆಯಿಂದ ಅಚ್ಚಿನ ಯಂತ್ರ ಬಾಯಿ ತೆರೆದು ಮುಚ್ಚುವ ಸದ್ದು ಮಾತ್ರ ಕೇಳುತ್ತಿತ್ತು.

“ಮಾವಶಿ?”

“ತಡಿ ಒಂದ ನಿಮಿಷ.”

ಫೋನನ್ನು ಮೇಜಿನ ಮೇಲಿಟ್ಟ ಸದ್ದು. ಆಮೇಲೆ ಟಕ್ ಎಂದು ಒಂದು ಸಲ. ಸ್ವಲ್ಪ ತಡೆದು ಇನ್ನೊಂದು ಸಲ. ಝಾಲರ್ ಕೊಯ್ಯುವ ಬ್ಲೇಡಿನ ಸದ್ದು ಅದು ಎಂದು ನನಗೆ ತಿಳಿಯಿತು.

“ತಗದೆ ನೋಡ,” ಎಂದಳು. ದನಿ ಎಂದಿನಂತೆಯೇ ಇತ್ತು. “ಅವ್ರಿಗೆ ಬರದ ಬಿಡ, ಉಗರ ಹೋತಂತ. ಈಗ ಏನೂ ತ್ರಾಸ ಇಲ್ಲಂತ.”

ಒಳಗೆ ಹೋಗಿ ಯರೂನನಿಗೆ ಹೇಳಿದೆ. ಅವನು ಕೇಕಿನ ತಟ್ಟೆ ಕೆಳಗಿಟ್ಟು ಗಮನವಿಟ್ಟು ಕೇಳಿದ. ಒಳ್ಳೆಯ ಮನುಷ್ಯ, ಈಗಲೂ ಹಾಗೆಯೇ ಅನ್ನುತ್ತೇನೆ.

“ನಿನ್ನ ವರದಿ ಓದಿದೆ. ಇಷ್ಟು ಸ್ಪಷ್ಟವಾದ ವರದಿಯನ್ನು ಯಾರೂ ಕಳಿಸಿರಲಿಲ್ಲ. ನಿಮ್ಮನ್ನು ಬಿಡುವ ಪ್ರಶ್ನೆಯೇ ಇಲ್ಲ,” ಎಂದ. “ಒಂದೇ ಬದಲಾವಣೆ. ಇನ್ನು ಮೇಲೆ ಅಂಚನ್ನು ಯಾವ ಕೈಯೂ ಮುಟ್ಟಬಾರದು. ಅಚ್ಚಿನಲ್ಲೇ ಕಳಚಿ ಬರುವಂತೆ ಮಾಡಬಹುದಲ್ಲ? ನೋಡುವುದಕ್ಕೆ ಕ್ಯಾಮೆರಾ ಇಡಬಹುದು.”

“ಆಕೆ ಉಗುರು ತೆಗೆದಳು,” ಎಂದೆ. “ಈಗ ತಾನೇ.”

“ಅವರದ್ದೇನೂ ತಪ್ಪಿಲ್ಲ,” ಎಂದ ಯರೂನ್. “ಯಾರನ್ನೂ ದೂರುತ್ತಿಲ್ಲ. ಕೈ ಬೇಡ, ಅಷ್ಟೇ.”

ಹೊರಡುವ ದಿನ ದನೂತಾ ನನ್ನ ಕೋಟಿನ ಗುಂಡಿ ಹಾಕಿ ಕಳಿಸಿದಳು, ಚಿಕ್ಕ ಹುಡುಗಿಗೆ ಹಾಕುವಂತೆ. ಕಪ್ಪುಗಳನ್ನು ದಿನವೂ ಬದಲಿಸತೊಡಗಿದ್ದರಿಂದ ಮೇಜಿನ ಮೇಲೆ ಅಂದು ಹೆಚ್ಚು ಸಾಮಾನಿರಲಿಲ್ಲ. ನಿಲ್ದಾಣದ ದಾರಿಯಲ್ಲಿ ರಿಯಾ ಮನೆಯಲ್ಲಿದ್ದಂಥದೇ ಒಂದು ಡಬ್ಬಿ ಬಿಸ್ಕತ್ತು ಕೊಂಡೆ.

ಮತ್ತೆ ನಿಪ್ಪಾಣಿ

ಡಬ್ಬಿಯನ್ನು ಮಾವಶಿಗೆ ಕೊಟ್ಟೆ. ಅವಳು ಮುಚ್ಚಳ ತೆಗೆದು ಇಡೀ ಡಬ್ಬಿಯನ್ನು ಪರಾತದಲ್ಲಿ ಸುರುವಿ, ಓಣಿಯ ಮಕ್ಕಳನ್ನೆಲ್ಲ ಕೂಗಿದಳು. ರಿಯಾ ಒಂದೊಂದೇ ಕೊಡುತ್ತಿದ್ದುದನ್ನು ಹೇಳಿದೆ.

“ಅಯ್ಯ! ಒಂದ ತಿಂದರ ಬಾಯಿಗೆ ಗೊತ್ತರ ಆಗ್ತೈತೇನ ಬೇ?” ಎಂದು ನನ್ನ ಕೈಗೆ ನಾಲ್ಕು ಹಾಕಿದಳು.

ಹೊಸ ಅಚ್ಚು ಬರಲು ನಾಲ್ಕು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಹಳೆಯ ಅಚ್ಚು, ಹಳೆಯ ಕೆಲಸ, ಹೆಂಗಸರಿಗೆ ಕೈಗವಸು. ಒಂದು ಕಪ್ಪೂ ಹರಿಯಲಿಲ್ಲ. ಪ್ರತಿ ಶನಿವಾರ ಮಾವಶಿ ನನ್ನ ಮೇಜಿನ ಹತ್ತಿರ ಬಂದು ಹೆಬ್ಬೆರಳು ಮುಂದೆ ಹಿಡಿಯುತ್ತಿದ್ದಳು.

“ನೋಡ. ಐತೇನ?”

“ಇಲ್ಲ ಮಾವಶಿ.”

“ಅವ್ರಿಗೆ ಬರಿ ಮತ್ತ.”

ಬರೆಯುತ್ತಿದ್ದೆ. ಮೊದಮೊದಲು ಉತ್ತರ ಬರುತ್ತಿತ್ತು. ಸಂತೋಷ, ಹೊಸ ಅಚ್ಚಿನ ಕೆಲಸ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು.

ಅಚ್ಚು ಬಂತು. ಝಾಲರ್ ಅಚ್ಚಿನಲ್ಲೇ ಕಳಚಿ ಬೀಳುತ್ತದೆ. ಕ್ಯಾಮೆರಾ ಅಂಚನ್ನು 
ನೋಡುತ್ತದೆ, ನಾನು ಕ್ಯಾಮೆರಾವನ್ನು ನೋಡುತ್ತೇನೆ. ಹದಿನಾಲ್ಕು ಜನರಲ್ಲಿ ನಾಲ್ವರಿಗೆ ಪ್ಯಾಕಿಂಗಿನಲ್ಲಿ ಜಾಗ ಸಿಕ್ಕಿತು. ಅದು ನಿಂತು ಮಾಡುವ ಕೆಲಸ, ಎಳೆಯರಿಗೆ ಕೊಟ್ಟರು. ಮಾಲಕರು ನನಗೆ ಒಂದು ಮಾತೂ ಅನ್ನಲಿಲ್ಲ. ಆ ಭಾನುವಾರ ಫೋನಿನಲ್ಲಿ ಅಂದದ್ದನ್ನು ಮತ್ತೆ ನೆನಪಿಸಲೂ ಇಲ್ಲ.

ಏಪ್ರಿಲಿನ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಮಾವಶಿಯ ಮನೆಯ ಮುಂದೆ ನಿಂತೆ. ಅವಳು ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ಮಡಿಲ ಹತ್ತಿರ ತಂಬಾಕು. ಸುತ್ತಿದ ಬೀಡಿಗಳನ್ನು ನಾನು ತಂದ ಡಬ್ಬಿಯಲ್ಲಿ ಹಾಕುತ್ತಿದ್ದಳು. ಡಬ್ಬಿಗೆ ಮುಚ್ಚಳ ಇರಲಿಲ್ಲ.

“ಬಾರ ಬೇ, ಕುಂಡ್ರ.”

“ಹೊತ್ತಾಗೇತಿ ಮಾವಶಿ.”

“ಹೊತ್ತ ಆಗೂದ ಇರೂದ,” ಎಂದು ತಲೆ ಎತ್ತದೆ ಎಲೆ ಸುತ್ತಿದಳು. “ಉಗರ ಬೆಳಿಯೂತನಾ ಸುಮ್ಮ ಕುಂಡ್ರಾಕ ಬರತೈತೇನ? ನಿನ್ನ ಡಬ್ಬಿ ಭಾಳ ಚೊಲೊ ಇತ್ತ ನೋಡ. ತಗಡ ಘಟ್ಟಿ ಐತಿ.”

ಆಗ ಅವಳ ಕೈ ನೋಡಿದೆ. ಹೆಬ್ಬೆರಳಿಗೆ ಮುಚ್ಚಳದಿಂದ ಕತ್ತರಿಸಿದ ತಗಡಿನ ಉಗುರು ಹಾಕಿಕೊಂಡಿದ್ದಳು. ಅಂಚು ತಿಕ್ಕಿ ನುಣುಪು ಮಾಡಿದ್ದಳು. ಬಣ್ಣ ಇನ್ನೂ ಹೋಗಿರಲಿಲ್ಲ. ಗಾಳಿಗಿರಣಿಯ ಒಂದು ನೀಲಿ ರೆಕ್ಕೆ ಅದರ ಮೇಲೆ ಉಳಿದಿತ್ತು. ಅದು ಎಲೆಯ ಬಾಯಿಯನ್ನು ಒಳಗೆ ಮಡಚಿ, ಕೊನೆಗೊಮ್ಮೆ ಒತ್ತಿ, ಮುಂದಿನ ಎಲೆಗೆ ಹೋಯಿತು.